ಬಿಳಿ ವಿಮಾನ ಯಾರಿಗಾಗಿ ಬಂತು?

ಟಾಲ್ಬರ್ಟ್‌ವಿಲ್ಲಿನ ಪುಟ್ಟ ನಿಲ್ದಾಣದಲ್ಲಿ ಆ ಬೆಳಿಗ್ಗೆ ಬಿಳಿ ವಿಮಾನವೊಂದು ಇಳಿಯದೇ ಹೋಗಿದ್ದರೆ ವರ್ಲಿನ್ ಸ್ಟಬ್ಸ್ ತನ್ನ ಪಾಡಿಗೆ ತಾನು ಹೊಟ್ಟೆಕಿಚ್ಚು ಪಟ್ಟುಕೊಂಡು ಸುಖವಾಗಿರುತ್ತಿದ್ದ.

ಅಲಬಾಮಾದ ನಮ್ಮ ಕಡೆ ಡಿಸೆಂಬರ್ ಬಂತೆಂದರೆ ಜನ ಆಕಾಶ ನೋಡುವುದು ವಿಮಾನಕ್ಕಾಗಿ. ಕಾಲೇಜು ಫುಟ್‌ಬಾಲ್ ಮುಗಿದಿರುತ್ತದೆ, ಗೆದ್ದ ಕೋಚನ್ನು ಎತ್ತಿಕೊಂಡು ಹೋಗಲು ದೊಡ್ಡ ಲೀಗಿನ ತಂಡಗಳು ವಿಮಾನ ಕಳಿಸುತ್ತವೆ. ಈ ಸಲ ಗೆದ್ದವರು ನಮ್ಮ ಕಾಲೇಜಿನ ಮುಖ್ಯ ಕೋಚ್ ರಾಯ್ಸ್ ಹ್ಯಾಗುಡ್. ವರ್ಲಿನ್ ಅವರ ಸಹಾಯಕ. ಎದುರಾಳಿಗಳನ್ನು ಕೆಡವುವ ಹುಡುಗರನ್ನು ತಯಾರು ಮಾಡುವವನು ಇವನು, ಪೇಪರಿನಲ್ಲಿ ಬರುವ ಫೋಟೊ ಮಾತ್ರ ಅವರದು. ಹನ್ನೊಂದು ವರ್ಷದಿಂದ ವರ್ಲಿನ್ ಎದೆಯುರಿಗೆ ಮಾತ್ರೆ ಚೀಪುತ್ತಿದ್ದ. ಡಾಕ್ಟರು ಅದನ್ನು ಅಸಿಡಿಟಿ ಎಂದಿದ್ದರು. ಉರಿಯುತ್ತಿದ್ದುದು ಏನೆಂದು ಹೆಂಡತಿ ಲುವಾನ್‌ಗೆ ಗೊತ್ತಿತ್ತು.

"ಅವ್ರು ಹೋದ್ರೆ ಆ ಕುರ್ಚಿ ನಿಮಗೇ ತಾನೇ ಬರೋದು? ಖುಷಿ ಪಡಿ ಅಂದ್ರೆ ಮಾತ್ರೆ ಹುಡುಕ್ತೀರಲ್ರೀ," ಎಂದಳು ಅವಳು.

ಆ ಕುರ್ಚಿಗಾಗಿಯೇ ಅವನು ಹನ್ನೊಂದು ವರ್ಷ ಕಾದದ್ದು. ಆದರೂ ರಾಯ್ಸ್ ಉಂಡು ಎದ್ದ ತಟ್ಟೆಯ ಮುಂದೆ ತಾನು ಕೂರಬೇಕೇ ಎಂದು ಅವನಿಗೆ ಸಂಕಟವಾಯಿತು. ಅವರು ವಿಮಾನ ಹತ್ತುವುದನ್ನು ಕಣ್ಣಾರೆ ನೋಡಿ ಚೆನ್ನಾಗಿ ಉರಿದುಕೊಂಡು ಬರೋಣವೆಂದು ನಿಲ್ದಾಣಕ್ಕೆ ಹೋಗಿ, ಪೆಟ್ರೋಲ್ ಟ್ಯಾಂಕರಿನ ಹಿಂದೆ ನಿಂತ.

ವಿಮಾನದಿಂದ ಕೋಟುಧಾರಿಗಳಿಬ್ಬರು ಇಳಿದರು. ಅವಿತಿದ್ದವನನ್ನು ಕಂಡು ಹತ್ತಿರ ಬಂದು, ಈ ಊರಲ್ಲಿ ಸುಟ್ಟ ಹಂದಿಮಾಂಸ ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ಕೇಳಿದರು. ವರ್ಲಿನ್ ದಾರಿ ತೋರಿಸಿದ. ಅವರು ಅವನ ಕೈ ಕುಲುಕಿದರು. ಬೇಲಿಯಾಚೆ, ಅಂಗಡಿಗೆ ಬೀಗ ಹಾಕಿ ವಿಮಾನ ನೋಡಲು ಬಂದಿದ್ದ ಕ್ಷೌರಿಕ ಓಡೆಲ್ ಇದರ ಫೋಟೊ ತೆಗೆದ.

ವರ್ಲಿನ್ ಮನೆ ಮುಟ್ಟುವಷ್ಟರಲ್ಲಿ ಅವನು ದೊಡ್ಡ ಲೀಗಿಗೆ ಹೋಗುತ್ತಾನೆಂದು ಊರು ತೀರ್ಮಾನಿಸಿಯಾಗಿತ್ತು. ಎದುರು ಸಿಕ್ಕರೂ ಮುಖ ತಿರುಗಿಸುತ್ತಿದ್ದ ಪಕ್ಕದ ಮನೆಯ ಮಿಸೆಸ್ ಪ್ರೂಯಿಟ್ ಪೆಕಾನ್ ಪೈ ಎಂಬ ಸಿಹಿತಿಂಡಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸಿಟ್ಟಾದ ಅಭಿಮಾನಿಗಳು ಅಂಗಳದಲ್ಲಿ 'ಮನೆ ಮಾರಾಟಕ್ಕಿದೆ' ಎಂಬ ಬೋರ್ಡು ನೆಟ್ಟು ಹೋಗಿದ್ದರು. 'ಊರು ಬಿಟ್ಟು ತೊಲಗು' ಎನ್ನುವ ಈ ಬೈಗುಳ ಇದುವರೆಗೆ ರಾಯ್ಸ್ ಅವರ ಅಂಗಳಕ್ಕೆ ಮಾತ್ರ ಮೀಸಲಾಗಿತ್ತು. ಬೋರ್ಡು ನೋಡಿ ವರ್ಲಿನ್ ಕಣ್ಣಲ್ಲಿ ನೀರು ಬಂತು. ಕೊನೆಗೂ ತಾನು ಬೈಸಿಕೊಳ್ಳುವಷ್ಟು ದೊಡ್ಡವನಾಗಿದ್ದ.

ಓಡೆಲ್ ಬಂದು ನಿಜವೇ ಎಂದು ಕೇಳಿದ. ವರ್ಲಿನ್ ಸುಳ್ಳು ಹೇಳಲಿಲ್ಲ.

"ಈಗ್ಲೇ ಏನೂ ಹೇಳೋ ಹಾಗಿಲ್ಲ ಓಡೆಲ್," ಎಂದಷ್ಟೇ ಹೇಳಿ ಆಕಾಶ ನೋಡಿದ.

ಮಧ್ಯಾಹ್ನ ರಾಯ್ಸ್ ಎರಡು ಸಲ ಫೋನ್ ಮಾಡಿದರು. ಅವರೂ ಒಂದು ದಿನ ಉರಿದುಕೊಳ್ಳಲಿ ಎಂದು ವರ್ಲಿನ್ ಪೈ ತಿನ್ನುತ್ತ ಫೋನು ಬಡಿದುಕೊಳ್ಳುವುದನ್ನು ಕೇಳಿಸಿಕೊಂಡ. ಎತ್ತಿ ಮಾತಾಡಿ ಎಂದು ಲುವಾನ್ ಗೋಗರೆದರೂ ಕೇಳಲಿಲ್ಲ. ಅಂದು ಅವನಿಗೆ ಎದೆಯುರಿಯೇ ಇರಲಿಲ್ಲ.

ಸಂಜೆ ರಾಯ್ಸ್ ತಾವೇ ಬಂದರು. ಅಂಗಳದ ಬೋರ್ಡನ್ನು ಬಹಳ ಹೊತ್ತು ನೋಡಿ, ಜಗಲಿಯ ಮೆಟ್ಟಿಲ ಮೇಲೆ ಕೂತರು.

"ಫೋನ್ ಎತ್ತಲಿಲ್ಲ ನೀನು. ಇರ್ಲಿ ಬಿಡು, ನಾನಾಗಿದ್ರೂ ಎತ್ತುತ್ತಿರಲಿಲ್ಲ. ಮೊದಲು ಆ ದೊಡ್ಡ ಲೀಗಿನವ್ರು ನನ್ನನ್ನೇ ಕರೆದಿದ್ದು, ಗೊತ್ತಾ? ನನ್ನ ಕುರ್ಚಿ ವರ್ಲಿನ್‌ಗೆ ಕೊಟ್ರೆ ಮಾತ್ರ ಹೋಗ್ತೀನಿ ಅಂತ ಕಾಲೇಜಿನವರಿಗೆ ಹೇಳಿ ಒಪ್ಪಿಸಿದ್ದೆ. ಅದನ್ನ ಹೇಳೋಕೇ ಫೋನ್ ಮಾಡಿದ್ದು."

ವರ್ಲಿನ್ ಪೈ ತಟ್ಟೆಯನ್ನು ಕೆಳಗಿಟ್ಟ.

"ಅಷ್ಟರಲ್ಲಿ ಓಡೆಲ್ ಫೋಟೊ ತೋರಿಸ್ದ. ನೀನೂ ಹೊರಟು ನಾನೂ ಹೊರಟ್ರೆ ನಮ್ಮ ಹುಡುಗರನ್ನ ಯಾರು ನೋಡ್ಕೋತಾರೆ? ಲೀಗಿನವ್ರಿಗೆ ನಾನು ಬರಲ್ಲ ಅಂದುಬಿಟ್ಟೆ. ನಿನ್ನ ಜಾಗಕ್ಕೆ ನಿನ್ನ ಕೈಕೆಳಗಿನ ಆ ಟ್ರೆಂಟ್‌ನ ಹಾಕಿದೀವಿ, ಪೇಪರಿಗೂ ಕೊಟ್ಟಾಯ್ತು."

"ಕೋಚ್, ಸ್ವಲ್ಪ ನನ್ನ ಮಾತು..."

"ಥ್ಯಾಂಕ್ಸ್ ಎಲ್ಲ ಬೇಡ. ನಿಜ ಹೇಳ್ಲಾ? ನನಗೆ ಹೊಟ್ಟೆ ಉರೀತಿದೆ ಕಣೋ. ನೀನು ಯಾವಾಗ್ಲೂ ಚೀಪ್ತಿರ್ತೀಯಲ್ಲ ಆ ಮಾತ್ರೆ, ಒಂದು ಇದ್ರೆ ಕೊಡು."

ವರ್ಲಿನ್ ಯಂತ್ರದಂತೆ ಡಬ್ಬಿ ತೆಗೆದು, ಉಳಿದಿದ್ದ ಒಂದು ಮಾತ್ರೆಯನ್ನು ಕೊಟ್ಟ. ಅಷ್ಟರಲ್ಲಿ ಪೈನ್ ಮರಗಳ ಮೇಲಿಂದ ಬಿಳಿ ವಿಮಾನ ಮೊರೆಯುತ್ತ ಎದ್ದು ಉತ್ತರಕ್ಕೆ ತಿರುಗಿತು.

ರಾಯ್ಸ್ ತಲೆಯೆತ್ತಿದರು. "ಅರೆ, ಅದು ನಿನ್ನ ವಿಮಾನ ಅಲ್ವೇನೋ?"

"ಹೌದು ಕೋಚ್," ಎಂದ ವರ್ಲಿನ್. ಎದೆಯಲ್ಲಿ ಹಳೆಯ ಉರಿ ಧಗ್ಗನೆ ಹೊತ್ತಿಕೊಂಡಿತು. ಅವನು ಡಬ್ಬಿಯನ್ನು ಅಲ್ಲಾಡಿಸಿ ನೋಡಿದ. ಮಾತ್ರೆ ರಾಯ್ಸ್ ಅವರ ಬಾಯಲ್ಲಿ ಆಗಲೇ ಕರಗುತ್ತಿತ್ತು.