ಮೂಗು ಆ ಕಡೆ, ಕಣ್ಣು ಈ ಕಡೆ

ಆ ಗುರುವಾರ ಮೂರನೇ ಪೀರಿಯಡ್‌ನಲ್ಲಿ ಏಳನೇ ವರ್ಗಕ್ಕೆ ವೃತ್ತದ ಪರಿಧಿ ಹೇಳುತ್ತಿದ್ದೆ. ಜವಾನ ಬಂದು, ಮನೆಯಿಂದ ಫೋನ್ ಬಂದಿದೆ ಎಂದ. ನನ್ನ ಹೆಂಡತಿ ಅದೇ ಶಾಲೆಯ ಚಿತ್ರಕಲಾ ಶಿಕ್ಷಕಿ. ಜ್ವರವೆಂದು ರಜೆ ಹಾಕಿದ್ದಳು. ನಾನು ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ತಿಂಗಳ ಮೇಲೆ ಹೆಡ್‌ಮಾಸ್ತರರು ಕರೆದರು. "ಅಕ್ಕೋರ ಶುಕ್ರವಾರದ ಚಿತ್ರಕಲಾ ಪೀರಿಯಡ್ ನೀವ ನಡಸ್ರಿ. ಇನ್‌ಸ್ಪೆಕ್ಷನ್‌ದಾಗ ಸಾಹೇಬ್ರಿಗೆ ಸರಿ ಕಾಣಲಿಲ್ಲಂದ್ರ ಅದನ್ನ ಇಂಗ್ಲಿಷ್‌ಗೆ ಕೊಡೂದ."

ಕಂಪಾಸು ಇಲ್ಲದೆ ನನಗೆ ಒಂದು ಸೊನ್ನೆಯೂ ದುಂಡಗೆ ಬರುವುದಿಲ್ಲ. ಆದರೂ ಒಪ್ಪಿದೆ. ಆ ಪೀರಿಯಡ್ ಹೋದರೆ ಶಾಲೆಯಲ್ಲಿ ಅವಳದೆನ್ನುವುದು ಏನೂ ಉಳಿಯುತ್ತಿರಲಿಲ್ಲ. ನಗೆಯ ಸಂಗತಿಗಳಾದರೋ, ಸಾವಾದ ಮನೆಯೆಂದು ಬಾಗಿಲಲ್ಲಿ ನಿಲ್ಲುವುದಿಲ್ಲ. ಚಪ್ಪಲಿ ಹಾಕಿಕೊಂಡೇ ಒಳಗೆ ಬರುತ್ತವೆ.

೧. ನೋಡಿ ಬರೆದವರು

ಹೆಂಡತಿ ಬರೆದಿಟ್ಟಿದ್ದ ಟಿಪ್ಪಣಿಯ ಮೊದಲ ಪಾಠ: ಜಪಾನಿನ ಮರದಚ್ಚಿನ ಚಿತ್ರಗಳನ್ನು ನೋಡಿ ಯುರೋಪಿನ ಚಿತ್ರಕಾರರು ತಮ್ಮ ರೀತಿಯನ್ನೇ ಬದಲಿಸಿದರು. ಚಿಕ್ಕೋಡಿಯ ಸೈಬರ್ ಕೆಫೆಯಲ್ಲಿ ಅವಳು ತೆಗೆಸಿಟ್ಟಿದ್ದ ಪ್ರಿಂಟುಗಳನ್ನು ಅಕ್ಕಪಕ್ಕ ಹಿಡಿದು ತೋರಿಸಿದೆ.

ಹಿಂದಿನ ವಾರ ಗಣಿತದ ಟೆಸ್ಟಿನಲ್ಲಿ ಪಕ್ಕದವಳದು ನೋಡಿ ಬರೆದು ಸಿಕ್ಕಿಬಿದ್ದಿದ್ದ ಹುಡುಗಿ ಎದ್ದಳು. "ಸರ್, ಅವ್ರು ಬಾಜೂದವ್ರದು ನೋಡಿ ತಗದ್ರ ಕಲಾ ಅಂತೀರಿ. ನನ್ನ ಹೊರಗ ನಿಲ್ಲಿಸಿದ್ರಿ."

"ಅವ್ರು ಇದ್ದದ್ದು ಇದ್ದಂಗ ಇಳಿಸ್ಲಿಲ್ಲ ತಂಗಿ. ಬದಲಿಸಿ ತಮ್ಮದು ಮಾಡ್ಕೊಂಡ್ರು."

"ನಾನೂ ಬದಲಿಸೇನ್ರಿ. ಅಕಿದು ಎಲ್ಲಾ ಬರೋಬರಿ ಇತ್ತು, ನಂದು ಮೂರು ತಪ್ಪು."

ಉತ್ತರಪತ್ರಿಕೆ ತೆಗೆದು ಎಣಿಸಿದೆ. ಮೂರೇ.

೨. ಫಾರಿನ್ ಮನೆ

ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರು ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಿ, ಊಟಕ್ಕೆ ಕರೆದರು. "ಪೂರಾ ಫಾರಿನ್ ಡಿಸೈನ್ ರಿ, ಸರ್" ಎಂದು ಸುತ್ತ ತೋರಿಸಿದರು. ನನಗೆ ಪಾಠ ಹೊಸದಾಗಿ ಬಂದಿತ್ತು, ತಡೆಯಲಾಗಲಿಲ್ಲ. ಈ ಮೊನಚು ಕಮಾನನ್ನು ಯುರೋಪಿನವರು ಅರಬರ ಕಡೆಯಿಂದ ಕಲಿತರೆನ್ನುತ್ತಾರೆ, ಪರದೆಯ ಮೇಲಿನ ಮಾವಿನಕಾಯಿ ಚಿತ್ತಾರ ಕಾಶ್ಮೀರದ ಶಾಲಿನಿಂದ ಹೋದದ್ದು, ಬಂಗಲೆ ಬಂಗಾಲದ ಗುಡಿಸಲಿನಿಂದ ಎಂದೆ.

ಮೂಲೆಯಲ್ಲಿ ಕೂತಿದ್ದ ಅವರ ತಾಯಿ ಕೇಳಿಸಿಕೊಂಡರು. "ಕಮಾನ ನಮ್ಮ ಗ್ವಾಡ್ಯಾಗಿನ ದೇವರ ಮಾಡಕ್ಕ ಇತ್ತು. ಮಾವಿನಕಾಯಿ ನನ್ನ ಶಾಲಿನ ಮ್ಯಾಲ ಐತಿ. ಹಂಗಾರ ಹಳೀ ಮನಿ ಯಾಕ ಕೆಡವಿದ್ಯೋ?"

ಮಗ ನನ್ನ ಕಡೆ ತಿರುಗಿ, "ಸರ್, ನೀವು ಊಟಕ್ಕ ನಡೀರಿ" ಎಂದರು.

೩. ಇನ್‌ಸ್ಪೆಕ್ಷನ್

ಸಾಹೇಬರು ಬಂದ ಶುಕ್ರವಾರದ ಪಾಠ, ಆಫ್ರಿಕಾದ ಮುಖವಾಡಗಳು. ಅವನ್ನು ನೋಡಿದ ಮೇಲೆ ಯುರೋಪಿನ ಕೆಲವರು ಮುಖವನ್ನು ಬಿಡಿಸಿ, ಬೇರೆ ಥರ ಜೋಡಿಸಿ, ಎರಡು ಕಡೆಯಿಂದಲೂ ಒಟ್ಟಿಗೆ ಕಾಣುವಂತೆ ಬರೆದರು. ಹೆಂಡತಿಯ ಬಣ್ಣದ ಪೆಟ್ಟಿಗೆ ಮಕ್ಕಳ ನಡುವೆ ಇಟ್ಟು, ಶಾಲೆಯ ಯಾರನ್ನಾದರೂ ಹಾಗೆ ಬರೆಯಿರಿ ಎಂದಿದ್ದೆ.

ಸಾಹೇಬರು ಅದೇ ಮೂರು ತಪ್ಪಿನ ಹುಡುಗಿಯ ಹಾಳೆ ಎತ್ತಿದರು. ನೀಲಿ ಮುಖ. ಮೂಗು ಒಂದು ಕಡೆ, ಎರಡೂ ಕಣ್ಣು ಇನ್ನೊಂದು ಕಡೆ, ಬಾಯಿ ಎರಡು.

"ಯಾರವಾ ಇವ್ರು?"

"ಹೆಡ್‌ಮಾಸ್ತರ್ರಿ."

ಹೆಡ್‌ಮಾಸ್ತರರು ಸಾಹೇಬರ ಹಿಂದೆಯೇ ನಿಂತಿದ್ದರು.

"ಕಣ್ಣು ಯಾಕ ಹಿಂದ ಹೋಗ್ಯಾವ?"

"ಬೋರ್ಡಿನ ಕಡೆ ತಿರುಗಿದ್ರೂ ನಾವು ಮಾತಾಡೂದು ಅವ್ರಿಗೆ ಕಾಣತೈತ್ರಿ."

"ಬಾಯಿ ಎರಡು ಯಾಕ?"

"ಒಂದು ನಮಗ, ಒಂದು ನಿಮಗ್ರಿ."

ಸಾಹೇಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಗು ನಿಂತ ಮೇಲೆ, "ಈ ಪೀರಿಯಡ್ ತಗೀಬ್ಯಾಡ್ರಿ" ಎಂದರು.

"ಆಗಲಿ ಸರ್, ತಮ್ಮ ಅಪ್ಪಣೆ" ಎಂದರು ಹೆಡ್‌ಮಾಸ್ತರರು, ಎರಡನೆಯ ಬಾಯಿಂದ.

ಸಂಜೆ ಹೆಂಡತಿಯ ಪೆಟ್ಟಿಗೆ ಮುಚ್ಚುವಾಗ ನೋಡಿದೆ. ಅವಳ ನೀಲಿ ಬಣ್ಣ ಮುಗಿದಿತ್ತು.