ತಂಬಿಗೆಯ ತಳದ ಹಾಲು

ನಡೆದದ್ದು ಇಷ್ಟೇ: ಚಹಾಕ್ಕೆಂದು ನಾನು ಉಳಿಸಿಕೊಂಡ ಹಾಲನ್ನೇ ಓದು ಕಲಿತ ದೊಡ್ಡವರು ಶಾಸ್ತ್ರ ಮಾಡಿಟ್ಟರು. ಉಳಿದದ್ದೆಲ್ಲ ಹೊಟ್ಟು. ಅದರಲ್ಲಿ ಹೆಣ್ಣಿನ ಮೌನವೂ ಇರಲಿಲ್ಲ, ಹಿಂದೂ ಸ್ತ್ರೀಯ ಒಳದನಿಯೂ ಇರಲಿಲ್ಲ. ಅರ್ಧ ಲೋಟ ಹಾಲಿತ್ತು, ಅದಕ್ಕೊಂದು ಚಿಟಿಕೆ ಚಹಾಪುಡಿ ಬೇಕಾಗಿತ್ತು. ನಾನು ಸುಳ್ಳು ಹೇಳಿದ್ದೇನೆ, ಒಪ್ಪುತ್ತೇನೆ. ಆದರೆ ನನ್ನದು ಒಂದೇ ಸಾಲಿನ ಸುಳ್ಳು. ಅದನ್ನು ಅಧ್ಯಾಯ ಮಾಡಿದವರು ನಾನಲ್ಲ.

ನಮ್ಮೂರು ಕಂಪ್ಲಿ ಹತ್ತಿರದ ಮೆಟ್ರಿ. ನಾಗರ ಪಂಚಮಿಗೆ ಹೆಂಗಸರೆಲ್ಲ ಕಾಲುವೆ ದಂಡೆಯ ಹುತ್ತಕ್ಕೆ ಹೋಗಿ ಹಾಲೆರೆದು ಬರುತ್ತೇವೆ. ಸುಮ್ಮನೆ ಸುರಿಯುವುದಲ್ಲ, ಕೊಬ್ಬರಿ ಬಟ್ಟಲಲ್ಲಿ ಒಂದೊಂದೇ ಸಲ ಎರೆಯುತ್ತ ಇದು ದೇವರ ಪಾಲು, ಇದು ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು, ಗಂಡನ ಪಾಲು, ಮಕ್ಕಳ ಪಾಲು ಎಂದು ಹೇಳುತ್ತ ಹೋಗಬೇಕು. ನಮ್ಮ ಮನೆಯಲ್ಲಿ ಆಗ ಎರಡು ಎಮ್ಮೆ ಇದ್ದವು. ಹಾಲೆಲ್ಲ ಕಂಪ್ಲಿಯ ಹೋಟೆಲಿಗೆ ಹೋಗುತ್ತಿತ್ತು. ಮನೆಯ ಹೆಂಗಸರಿಗೆ ಕರಿ ಚಹಾ. ಹಾಲು ಹಾಕಿದ ಚಹಾ ಕುಡಿದರೆ ಸೊಸೆಯಂದಿರು ಸೊಕ್ಕುತ್ತಾರೆ ಎಂದು ನಮ್ಮ ಅತ್ತೆಯ ಮತ. ವರ್ಷಕ್ಕೆ ಒಂದು ದಿನ ಮಾತ್ರ ಆಕೆ ಒಂದು ತುಂಬು ತಂಬಿಗೆ ಹಾಲನ್ನು ಕೇಳದೆಯೇ ನನ್ನ ಕೈಗೆ ಕೊಡುತ್ತಿದ್ದಳು, ನಾಗಪ್ಪನಿಗೆಂದು. ನಾಗಪ್ಪನ ಹೊಟ್ಟೆ ಎಷ್ಟು ಸಣ್ಣದೆಂದು ನನಗೆ ಗೊತ್ತಿತ್ತು. ಎಲ್ಲರ ಪಾಲನ್ನೂ ಸ್ವಲ್ಪ ಸ್ವಲ್ಪ ಕಡಿಮೆ ಎರೆದರೆ ತಳದಲ್ಲಿ ಅರ್ಧ ಲೋಟ ಉಳಿಯುತ್ತಿತ್ತು. ಬೇರೆಯವರು ಹಾಲಿಗೆ ಬೆಲ್ಲ ಬೆರೆಸಿಕೊಂಡು ಬರುತ್ತಿದ್ದರು. ನಾನು ಬೆರೆಸುತ್ತಿರಲಿಲ್ಲ. ಬೆಲ್ಲದ ಹಾಲು ಕಾಯಿಸಿದರೆ ಒಡೆಯುತ್ತದೆ. ಇದಕ್ಕೂ ಯಾರೋ ಪುಣ್ಯಾತ್ಮರು ಮುಂದೆ ಎರಡು ಪುಟ ಅರ್ಥ ಬರೆದಿದ್ದಾರಂತೆ.

ಮೂವತ್ತು ವರ್ಷದ ಹಿಂದೆ ಒಂದು ಪಂಚಮಿಗೆ ಹಂಪಿಯ ಕಲ್ಲುಗಳನ್ನು ನೋಡಿ ಮುಗಿಸಿದ ಒಬ್ಬ ಪಂಡಿತರು ನಮ್ಮೂರ ಹೆಂಗಸರನ್ನು ನೋಡಲು ಬಂದರು. ಹೆಗಲಿಗೆ ಚೀಲ, ಕೈಯಲ್ಲಿ ಟೇಪ್ ರೆಕಾರ್ಡರು. ಹೆಂಗಸರ ಹಬ್ಬದ ಬಗ್ಗೆ ಕೇಳಲು ಬಂದವರು ಮೊದಲು ಹೋಗಿ ಕುಳಿತದ್ದು ನಮ್ಮ ಮನೆಯವರ ಮುಂದೆ. ನಮ್ಮ ಮನೆಯವರು ಹುಟ್ಟಿದ ಮೇಲೆ ಹುತ್ತದ ಕಡೆ ತಲೆ ಹಾಕಿದವರಲ್ಲ. ಪಂಚಮಿ ಎಂದರೆ ಅವರಿಗೆ ಎಳ್ಳಿನ ಉಂಡಿ ಮತ್ತು ಜೋಕಾಲಿ. ಆದರೂ ಅರ್ಧ ತಾಸು ಮಾತಾಡಿದರು. ಗಂಡಸರಿಗೆ ಮೈಕು ತೋರಿಸಬಾರದು.

ಆಮೇಲೆ ಪಂಡಿತರು ಹುತ್ತದ ಹತ್ತಿರ ಬಂದು ದೂರ ನಿಂತರು. ನಾನು ಎರೆದು ಮುಗಿಸಿ ಏಳುವಾಗ ಅವರ ಕಣ್ಣು ನನ್ನ ತಂಬಿಗೆಯ ಮೇಲೆ ಬಿತ್ತು.

"ತಳದಲ್ಲಿ ಇನ್ನೂ ಹಾಲಿದೆಯಲ್ಲ ತಾಯಿ, ಅದು ಯಾರ ಪಾಲು?"

ಪಕ್ಕದಲ್ಲೇ ಅತ್ತೆ. ಆಕೆಯ ಕಣ್ಣೂ ತಂಬಿಗೆಯೊಳಗೆ ಇಳಿಯಿತು. "ಅದು ಬಾಯಿಬಿಟ್ಟು ಹೇಳೋ ಪಾಲಲ್ರಿ," ಎಂದೆ.

"ಓ! ಹೇಳದ ಪಾಲು! ಯಾಕೆ ಹೇಳುವುದಿಲ್ಲ?"

"ಹಿಂದಿನಿಂದ ಹಂಗ ಬಂದೈತ್ರಿ."

ಪಂಡಿತರು ಬರೆದುಕೊಂಡರು. ಇನ್ನು ಅತ್ತೆ ನನ್ನ ಜುಟ್ಟು ಹಿಡಿಯುತ್ತಾಳೆ ಎಂದುಕೊಂಡರೆ, ಪರ ಊರಿನವರ ಮುಂದೆ ಮನೆಯ ಮಾನ ಹೋಗಬಾರದೆಂದು ಆಕೆ, "ಹೌದ್ರಿ, ನಮ್ಮತ್ತೀನೂ ಇಡ್ತಿದ್ಲು" ಎಂದುಬಿಟ್ಟಳು. ಮಧ್ಯಾಹ್ನ ನಾನು ಕದ್ದು ಚಹಾ ಸೋಸುತ್ತಿದ್ದಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ಹೇಳದ ಪಾಲು ನನಗೂ ಅರ್ಧ ಹಾಕು," ಎಂದಳು. ಸಾಯುವವರೆಗೂ ಪ್ರತಿ ಪಂಚಮಿಗೆ ಹಾಕಿದೆ. ಅತ್ತೆ ಸೊಸೆ ಜಗಳವಿಲ್ಲದೆ ಕುಳಿತದ್ದು ಅದೊಂದೇ ಹೊತ್ತು.

ಆ ಪಂಡಿತರನ್ನು ನಾನು ಮರೆತೇಬಿಟ್ಟಿದ್ದೆ. ನೆನಪಿಸಿದವಳು ನನ್ನ ಮೊಮ್ಮಗಳು ಸುಧಾ. ದಿನಾ ಬಸ್ಸು ಹಿಡಿದು ವಿಶ್ವವಿದ್ಯಾಲಯಕ್ಕೆ ಹೋಗುತ್ತಾಳೆ. ನಮ್ಮ ಹೆಂಗಸರ ಪೂಜೆ ಪುನಸ್ಕಾರದ ಬಗ್ಗೆ ದೊಡ್ಡವರು ಏನೇನು ಬರೆದಿದ್ದಾರೆ, ನಮ್ಮನ್ನು ಹೇಗೆ ತೋರಿಸಿದ್ದಾರೆ ಎಂದು ಹುಡುಕುವುದು ಅವಳ ಸಂಶೋಧನೆ. ಹೋದ ವರ್ಷ ಒಂದು ದಿನ ದಪ್ಪ ಪುಸ್ತಕ ತಂದು ಓದಿ ಹೇಳಿದಳು: ಮೆಟ್ರಿಯ ಒಬ್ಬ ಅನಕ್ಷರಸ್ಥ ವೃದ್ಧೆಯು ಹೇಳದ ಪಾಲು ಎಂಬ ಆಚರಣೆಯನ್ನು ತಿಳಿಸಿದಳು, ಧರ್ಮದೊಳಗೆ ಮಾತು ಕಳೆದುಕೊಂಡ ಹೆಣ್ಣಿನ ಪಾಲು ಇದೇ ಇರಬೇಕು.

ನನ್ನ ಸಿಟ್ಟು ನೆತ್ತಿಗೇರಿತು. ವೃದ್ಧೆಯಂತೆ! ಆಗ ನನಗೆ ನಲವತ್ತು ತುಂಬಿರಲಿಲ್ಲ, ಗದ್ದೆಯಲ್ಲಿ ನಾಟಿಗೆ ನಿಂತರೆ ಇಬ್ಬರ ಸಾಲು ಒಬ್ಬಳೇ ಮುಗಿಸುತ್ತಿದ್ದೆ. ಅನಕ್ಷರಸ್ಥೆಯೂ ಅಲ್ಲ. ಮೂರನೇ ಕ್ಲಾಸು ಪಾಸಾಗಿದ್ದೇನೆ. ತಮ್ಮ ಹುಟ್ಟದಿದ್ದರೆ, ಅವನ ತೊಟ್ಟಿಲು ತೂಗುವ ಕೆಲಸ ಬರದಿದ್ದರೆ ನಾಲ್ಕನೆಯದೂ ಆಗುತ್ತಿತ್ತು. ಪುಸ್ತಕದ ಕೊನೆಯಲ್ಲಿ ಮಾಹಿತಿ ಕೊಟ್ಟವರ ಪಟ್ಟಿ ಇತ್ತು. ಅದರಲ್ಲಿ ನಮ್ಮ ಮನೆಯವರ ಹೆಸರು, ತಂದೆಯ ಹೆಸರು, ವಯಸ್ಸು ಎಲ್ಲ ಇತ್ತು. ನನ್ನ ಹೆಸರು ಇರಲಿಲ್ಲ.

ಅಲ್ಲಿಗೇ ನಿಂತಿಲ್ಲ. ಆ ಪುಸ್ತಕ ನೋಡಿ ಇನ್ನೊಬ್ಬರು, ಅದನ್ನು ನೋಡಿ ಮತ್ತೊಬ್ಬರು ಬರೆದಿದ್ದರು. ಒಬ್ಬರು ಅದು ಸತ್ತ ಸವತಿಯ ಪಾಲು ಎಂದಿದ್ದರು. ಇನ್ನೊಬ್ಬರು ನಾಗಪ್ಪನಿಗಿಂತ ಹಳೆಯ ಯಾವುದೋ ದೇವಿಯ ಪಾಲು ಎಂದಿದ್ದರು. ಮೆಟ್ರಿಗೆ ಬಸ್ಸಿದೆ ಎಂಬುದು ಇವರಲ್ಲಿ ಯಾರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

"ಅಜ್ಜಿ, ಎಲ್ಲಾರೂ ನಿನ್ನ ಬಗ್ಗೆ ಬರದಾರ, ಒಬ್ರೂ ನಿನ್ನ ಹೆಸರು ಬರದಿಲ್ಲ," ಎಂದಳು ಸುಧಾ. "ನಾ ಬರೀತೀನಿ. ಮೆಟ್ರಿಯ ಹುಲಿಗೆಮ್ಮ ಅಂತ ದಪ್ಪ ಅಕ್ಷರದಾಗ ಬರೀತೀನಿ."

ಆಗಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಹೆಸರು ಅಚ್ಚಾಗಿರುವುದು ರೇಷನ್ ಕಾರ್ಡಿನಲ್ಲಿ ಮತ್ತು ಓಟಿನ ಪಟ್ಟಿಯಲ್ಲಿ, ಎರಡರಲ್ಲೂ ತಪ್ಪಾಗಿದೆ. ಪುಸ್ತಕದಲ್ಲಿ ನೆಟ್ಟಗೆ ಬರುತ್ತದೆಂದರೆ ಯಾರಿಗೆ ಬೇಡ? ಬಾಯಿ ಮುಚ್ಚಿಕೊಂಡೆ. ಸುಧಾ ಮನೆಮನೆಗೆ ಹೋಗಿ, ನೀವೂ ಹೇಳದ ಪಾಲು ಇಡ್ತೀರಾ ಎಂದು ಕೇಳಿ ಬರೆದುಕೊಂಡಳು. ನಲವತ್ತು ಪುಟದ ಅಧ್ಯಾಯ ಮಾಡಿದಳು. ಈ ವರ್ಷ ಪಂಚಮಿ ಮುಗಿದ ವಾರಕ್ಕೆ ಅದನ್ನು ಒಪ್ಪಿಸಬೇಕಿತ್ತು.

ಪಂಚಮಿಯ ಹಿಂದಿನ ದಿನ ಇಬ್ಬರೂ ಎಳ್ಳುಂಡಿ ಕಟ್ಟುತ್ತ ಕುಳಿತಿದ್ದೆವು. ಹುಡುಗಿ ಉಂಡಿ ಕಟ್ಟುತ್ತ ಕಟ್ಟುತ್ತ, ಪರೀಕ್ಷೆ ಮಾಡುವವರು ಏನು ಕೇಳಿದರೆ ಏನು ಹೇಳಬೇಕೆಂದು ತನಗೆ ತಾನೇ ಒಪ್ಪಿಸಿಕೊಳ್ಳುತ್ತಿದ್ದಳು. ಆ ಪಂಡಿತರ ಮುಂದೆ ನಾನು ಸುಳ್ಳಾದರೆ ಚಿಂತೆಯಿಲ್ಲ. ಇವಳು ನಾಳೆ ನಾಲ್ಕು ಜನರ ಮುಂದೆ ನಿಂತು ನನ್ನ ಸುಳ್ಳನ್ನು ತನ್ನ ಬಾಯಿಂದ ಹೇಳಬೇಕಲ್ಲ. ತಡೆಯಲಾಗಲಿಲ್ಲ.

"ಲೇ ಸುಧಾ, ಅದು ಚಹಾದ ಹಾಲು."

"ಯಾವುದು?"

"ಹೇಳದ ಪಾಲು. ಮನಿಗೆ ಬಂದು ಚಹಾ ಮಾಡ್ಕೊಂಡು ಕುಡೀತಿದ್ದೆ."

ಅವಳ ಕೈಯಲ್ಲಿದ್ದ ಉಂಡಿ ಪುಡಿಯಾಯಿತು. "ಅಜ್ಜಿ! ನಲವತ್ತು ಪುಟ!"

"ಹರದು ಹಾಕು."

"ಊರಾಗ ಹದಿನಾಲ್ಕು ಮಂದಿ ನಾವೂ ಇಡ್ತೀವಿ ಅಂದಾರಲ್ಲ?"

"ನೀ ಕೇಳಿದಿ, ಅವರು ಹೂಂ ಅಂದ್ರು. ಪೆನ್ನು ಹಿಡ್ಕೊಂಡು ಎದುರಿಗೆ ಕುಂತ್ರ ಯಾರು ಇಲ್ಲ ಅಂತಾರ?"

ಹುಡುಗಿ ಅಳುತ್ತಾಳೆಂದುಕೊಂಡೆ. ಅಳಲಿಲ್ಲ, ಸೀದಾ ಸಂಶೋಧನೆಗೆ ದಾರಿ ತೋರಿಸುವ ತನ್ನ ಮೇಡಂಗೆ ಫೋನು ಹಚ್ಚಿ ಎಲ್ಲ ಹೇಳಿ, ಫೋನನ್ನು ನನ್ನ ಕಿವಿಗೆ ಒತ್ತಿದಳು.

"ಅಮ್ಮಾ, ಚಹಾಕ್ಕೆ ಅಂತ ಅವತ್ತೇ ಯಾಕೆ ಹೇಳಲಿಲ್ಲ?" ಎಂದು ಮೇಡಂ ಕೇಳಿದರು.

"ಬಾಜೂಕ ಅತ್ತಿ ನಿಂತಿದ್ಲ್ರಿ."

"ಆಮೇಲಾದರೂ ಹೇಳಬಹುದಿತ್ತಲ್ಲ?"

"ಆಮ್ಯಾಲ ಯಾರೂ ಕೇಳಾಕ ಬರಲಿಲ್ರಿ."

ಆ ಕಡೆ ಮೇಡಂ ನಗಲು ಶುರು ಮಾಡಿದರು. ನಕ್ಕು ಮುಗಿಸಲು ಒಂದು ಉಂಡಿ ಕಟ್ಟುವಷ್ಟು ಹೊತ್ತು ಬೇಕಾಯಿತು. ಸುಧಾಗೆ ಫೋನು ಕೊಡು ಎಂದರು. ಈಗ ಕೇಳಿದ್ದನ್ನು ಕೇಳಿದ ಹಾಗೆಯೇ ಬರೆ, ಅಜ್ಜಿಯ ಹೆಸರು ಹಾಕಿಯೇ ಬರೆ, ಇನ್ನೂ ಒಂದು ತಿಂಗಳು ತಗೋ, ನಾನು ನೋಡಿಕೊಳ್ಳುತ್ತೇನೆ ಎಂದರಂತೆ. ಹುಡುಗಿಯ ಮುಖ ಅರಳಿತು. ನನ್ನದು ಬಾಡಿತು.

"ಏ, ನನ್ನ ಹೆಸರು ಬ್ಯಾಡ. ಯಾರೋ ಒಬ್ಬ ವೃದ್ಧೆ ಅಂತ ಹಾಕು."

"ಯಾಕಜ್ಜಿ? ವೃದ್ಧೆ ಅಂದಿದ್ದಕ್ಕ ಅಲ್ಲೇನು ನೀ ಸಿಟ್ಟಾಗಿದ್ದು?"

"ನಾಗಪ್ಪನ ಹಾಲು ಕದ್ದ ಹುಲಿಗೆಮ್ಮ ಅಂತ ಊರೆಲ್ಲ ಓದಬೇಕೇನು?"

ಕಟ್ಟೆಯ ಮೇಲಿಂದ ನಮ್ಮ ಮನೆಯವರು ಕೂಗಿದರು: "ನನ್ನ ಹೆಸರೇ ಹಾಕವಾ ಸುಧಾ. ನಂದು ಮೊದ್ಲಿಂದ ಐತಿ."

ಇದನ್ನು ಕೇಳಿದ ಮೇಲೆ ನನಗೆ ಬೇರೆ ದಾರಿ ಉಳಿಯಲಿಲ್ಲ. "ಹಾಕು, ನನ್ನ ಹೆಸರೇ ಹಾಕು," ಎಂದೆ. "ಮೂರನೇ ಕ್ಲಾಸು ಪಾಸು ಅಂತ ಬರಿ. ವಯಸ್ಸು ಮಾತ್ರ ಆವಾಗಿಂದು ಹಾಕು."

ಮರುದಿನ ಬೆಳಿಗ್ಗೆ ಹುತ್ತಕ್ಕೆ ಹೋಗಿ ತಂಬಿಗೆಯನ್ನು ಪೂರ್ತಿ ಬರಿದು ಮಾಡಿದೆ. ಮೂವತ್ತು ವರ್ಷದ ಬಾಕಿಗೆ ಅದು ಸಾಲುವುದಿಲ್ಲ, ಆದರೂ ನಾಗಪ್ಪ ತಿಳಿದವನು. ಪಕ್ಕಕ್ಕೆ ನೋಡಿದರೆ ನಮ್ಮ ಓಣಿಯ ಪಾರ್ವತಮ್ಮ ತನ್ನ ತಂಬಿಗೆಯ ತಳದಲ್ಲಿ ಹಾಲು ಉಳಿಸಿಕೊಂಡು ಸೆರಗು ಮುಚ್ಚಿ ನಿಂತಿದ್ದಾಳೆ. ಅವಳ ಹಿಂದೆ ಇನ್ನೂ ಐದಾರು ಜನ, ಎಲ್ಲರದೂ ಅದೇ ಕಥೆ. ಸುಧಾಗೆ ಹೂಂ ಎಂದಿದ್ದಕ್ಕೆ ಈ ವರ್ಷದಿಂದ ನಿಜವಾಗಿಯೂ ಇಡಲು ಶುರು ಮಾಡಿದ್ದಾರೆ, ನನ್ನನ್ನು ನೋಡಿ ಹಾಲಿಗೆ ಬೆಲ್ಲ ಬೆರೆಸುವುದನ್ನೂ ಬಿಟ್ಟಿದ್ದಾರೆ. ನನ್ನ ಖಾಲಿ ತಂಬಿಗೆ ನೋಡಿ ಪಾರ್ವತಮ್ಮ ಗದರಿದಳು: "ಏನಕ್ಕಾ, ಹೇಳದ ಪಾಲು ಇಡಲಿಲ್ಲ? ದೊಡ್ಡಾಕಿ ಆಗಿ ನೀನೇ ಪದ್ಧತಿ ಬಿಟ್ರ ಹೆಂಗ?" ಗುಂಪಿಗೆ ಗುಂಪೇ ನನ್ನ ಹಿಂದೆ ಮನೆಯ ತನಕ ಬಂದು ಅಂಗಳದಲ್ಲಿ ನಿಂತಿತು. ಹಾಲು ಇಟ್ಟದ್ದೇನೋ ಆಯಿತು, ಮುಂದೆ ಅದನ್ನು ಏನು ಮಾಡಬೇಕು, ಅದನ್ನು ಸುಧಾ ಹೇಳಿಯೇ ಇಲ್ಲ ಎಂದು ಅವರ ತಕರಾರು. ಸುಧಾ ನನ್ನ ಮುಖ ನೋಡಿದಳು. ನಾನು ಒಬ್ಬೊಬ್ಬರ ತಂಬಿಗೆ ಇಸಿದುಕೊಂಡು ದೊಡ್ಡ ಪಾತ್ರೆಗೆ ಬಗ್ಗಿಸಿದೆ, ಒಲೆ ಹಚ್ಚಿದೆ.

"ಒಳಗ ಬರ್ರಿ, ಕುಂದ್ರಿ," ಎಂದೆ. "ಹಿಂದಿನಿಂದ ಹಂಗ ಬಂದೈತಿ." ಹಾಗೆಂದು, ಚಹಾಪುಡಿ ಎರಡು ಚಮಚ ಹೆಚ್ಚೇ ಹಾಕಿದೆ.