ಸಾಬಿಕ್ ಸದರ್ ವಿರುಪಣ್ಣನವರು

ರಾಜ್ಯ ಕಳೆದುಕೊಂಡ ಅರಸರು ಕಾಡಿಗೆ ಹೋಗುತ್ತಿದ್ದರೆಂದು ಪುರಾಣ ಹೇಳುವ ಹಿರಿಯರ ಬಾಯಲ್ಲಿ ಕೇಳಿದ್ದೇನೆ. ಪಕ್ಷದ ಮುಖಂಡತನ ಕಳೆದುಕೊಂಡವರು ಎಲ್ಲಿಗೆ ಹೋಗುತ್ತಾರೆಂದು ಯಾವ ಪುರಾಣದಲ್ಲೂ ಇಲ್ಲ. ಅನುಭವದಿಂದ ನಾನು ಹೇಳಬಲ್ಲೆ: ಅವರು ನಮ್ಮ ಮನೆಗೆ ಬರುತ್ತಾರೆ. ಎಲ್ಲರೂ ಹೀಗೆಯೇ ಅನ್ನಲಾರೆ. ಗಂಗಾವತಿ ಕಡೆಯ ಒಬ್ಬ ಮುಖಂಡರು ಸೋತ ಮರುದಿನವೇ ಹೇಮಗುಡ್ಡದ ದುರ್ಗವ್ವನ ಭಕ್ತರಾದರು. ಗೆದ್ದಿದ್ದಾಗ ಗುಡ್ಡ ಹತ್ತಲು ಮೊಣಕಾಲು ನೋವು ಎನ್ನುತ್ತಿದ್ದವರು. ಕುಷ್ಟಗಿಯ ಇನ್ನೊಬ್ಬರಿಗೆ ಪಕ್ಷದಲ್ಲಿ ತತ್ತ್ವವೇ ಉಳಿದಿಲ್ಲವೆಂದು ಸೋತ ದಿನ ಸಂಜೆ ಹೊಳೆಯಿತು. ಅವರು, ಅವರ ತಮ್ಮ, ಅವರ ಬೀಗರು ಮೂವರೂ ಸೇರಿ ಹೊಸ ಪಕ್ಷ ಕಟ್ಟಿದರು. ಆರು ತಿಂಗಳಿಗೆ ಅಲ್ಲೂ ಬೀಗರ ಕೈಯಲ್ಲಿ ಸೋತರು. ನಮ್ಮ ಪಾಲಿಗೆ ಬಂದವರು ಯಲಬುರ್ಗಿಯ ವಿರುಪಣ್ಣನವರು, ನನ್ನ ಹೆಂಡತಿ ನೀಲವ್ವನ ಸೋದರಮಾವ. ಬೆಳಗಿನ ರೊಟ್ಟಿಯ ಹೊತ್ತಿಗೆ ಬಂದು ಜಗಲಿಯ ಕಂಬಕ್ಕೆ ಒರಗಿದರೆ ಮಧ್ಯಾಹ್ನದ ರೊಟ್ಟಿಗೂ ಅಲ್ಲೇ ಇರುತ್ತಿದ್ದರು. ಗದ್ದಿಗೆ ಬಿಟ್ಟವನಿಗೆ ನೆಲ ತಂಪು ಹತ್ತುವುದಿಲ್ಲ ಎಂದು ನಮ್ಮಜ್ಜಿ ಅನ್ನುತ್ತಿದ್ದಳು. ಆದರೆ ಬೇರೆಯವರ ಜಗಲಿ ಇಷ್ಟು ತಂಪು ಹತ್ತುತ್ತದೆಂದು ಅವಳೂ ಹೇಳಿರಲಿಲ್ಲ.

ಆಗ ನಮ್ಮದು ನಿಜಾಮರ ಸೀಮೆ. ಕಚೇರಿಯ ಕೆಲಸವೆಲ್ಲ ಉರ್ದುವಿನಲ್ಲಿ. ನಾನು ತಹಸೀಲ ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಕೂತು ಮಂದಿಗೆ ಅರ್ಜಿ ಬರೆದುಕೊಡುವವನು. ನಮ್ಮ ತಾಲ್ಲೂಕಿನ ಸಣ್ಣ ಪಕ್ಷಕ್ಕೆ ವಿರುಪಣ್ಣನವರು ಹನ್ನೆರಡು ವರ್ಷ ಅಧ್ಯಕ್ಷರು, ಕಚೇರಿಯ ಭಾಷೆಯಲ್ಲಿ ‘ಸದರ್’. ಸಭೆ ನಡೆಸಬೇಕಾದರೆ ಪರವಾನಗಿ ಬೇಕು. ಪರವಾನಗಿಗೆ, ಸದರ್ ಏನು ಮಾತಾಡುತ್ತಾರೆಂಬುದನ್ನು ಉರ್ದುವಿನಲ್ಲಿ ಬರೆದು ಮೊದಲೇ ಅಮೀನರಿಗೆ, ಅಂದರೆ ಪೊಲೀಸ್ ಅಧಿಕಾರಿಗೆ, ಕೊಡಬೇಕು. ವಿರುಪಣ್ಣನವರ ಭಾಷಣ ಹನ್ನೊಂದು ಪುಟ. ಅದನ್ನು ಉರ್ದುವಿಗೆ ಇಳಿಸುವ ಕೆಲಸ ಬಳಗದವನಾದ ನನ್ನದು. ಹೋದ ವರ್ಷದ ಭಾಷಣವನ್ನೇ ಕೊಡೋಣವೆಂದರೆ, ನಡುವೆ ಎರಡು ಹೊಸ ಗಾದೆ ಸೇರಿಸಿರುತ್ತಿದ್ದರು.

ಹನ್ನೆರಡನೆಯ ವರ್ಷದ ಚುನಾವಣೆಯಲ್ಲಿ ವಕೀಲ ಭೀಮರಾಯರು ಅವರಿಗೆ ಎದುರು ನಿಂತರು. ಓದು ಬಾರದ ಸದಸ್ಯರೂ ಇದ್ದುದರಿಂದ ಓಟಿಗೆ ಕಾಳು ಇಟ್ಟೆವು. ವಿರುಪಣ್ಣನವರಿಗೆ ಜೋಳ, ವಕೀಲರಿಗೆ ತೊಗರಿ. ಬಾಯಿಗೆ ಬಟ್ಟೆ ಹೊದಿಸಿದ ಗಡಿಗೆಯೊಳಗೆ ಮುಷ್ಟಿ ಬಿಗಿಹಿಡಿದು ಕೈ ಇಳಿಸಬೇಕು, ಒಂದು ಕಾಳು ಬಿಡಬೇಕು. ನಾನು ಹನ್ನೊಂದು ಪುಟ ನೆನೆದೆ, ತೊಗರಿ ಬಿಟ್ಟೆ. ಗಡಿಗೆ ಬೋರಲು ಹಾಕಿದಾಗ ತೊಗರಿ ಹನ್ನೆರಡು, ಜೋಳ ಹನ್ನೊಂದು.

ಮರುದಿನದಿಂದ ವಿರುಪಣ್ಣನವರು ನಮ್ಮ ಜಗಲಿಯ ಮೇಲೆ ಹೆಚ್ಚಾಗಿ ಬಿದ್ದ ಆ ಒಂದು ತೊಗರಿಯ ಧಣಿಯನ್ನು ಹುಡುಕತೊಡಗಿದರು. ವಿಚಾರಿಸಿದವರೆಲ್ಲ ಕುಲದೇವರ ಮೇಲೆ ಆಣೆಯಿಟ್ಟು ಜೋಳ ಹಾಕಿದ್ದೇವೆ ಎನ್ನುತ್ತಿದ್ದರು. ಲೆಕ್ಕಕ್ಕೆ ಹಿಡಿದರೆ ಹನ್ನೊಂದು ಜೋಳದ ಹಿಂದೆ ಹತ್ತೊಂಬತ್ತು ಜನ ನಿಂತಿದ್ದರು.

“ಅಳಿಯಂದ್ರ, ಅವನ ಮಾರಿ ಒಮ್ಮಿ ನೋಡಬೇಕ್ರಿ. ಆಮ್ಯಾಲ ಅವನ ಮನಿ ನೀರು ಸೈತ ಮುಟ್ಟೂದಿಲ್ಲ” ಎಂದು ನಮ್ಮ ಮನೆಯ ಮಜ್ಜಿಗೆ ಕುಡಿಯುತ್ತ ಹೇಳುತ್ತಿದ್ದರು. ತವರಿನಲ್ಲಿ ನೀಲವ್ವನಿಗೆ ಉಳಿದಿದ್ದ ಹಿರಿಯರು ಅವರೊಬ್ಬರೇ. ಗುಟ್ಟು ಹೊರಬಿದ್ದರೆ ಆ ಬಾಗಿಲೂ ಮುಚ್ಚುತ್ತದೆ. ನಾನು ತೊಗರಿ ಬೇಳೆಯ ಸಾರನ್ನು ಕಂಡರೂ ಬೆಚ್ಚುವಂತಾದೆ.

ಇಂಥ ಹೊತ್ತಿನಲ್ಲಿ ಬೇವೂರಿನವರು ಒಂದು ಸಭೆಗೆ ಹೊಸ ಸದರ್, ಹಳೆಯ ಸದರ್ ಇಬ್ಬರನ್ನೂ ಕರೆದರು. ನಾನು ಅರ್ಜಿಯಲ್ಲಿ ಹಳೆಯ ರೂಢಿಯಂತೆ ವಿರುಪಣ್ಣನವರನ್ನು ಸದರ್ ಎಂದೇ ಬರೆದೆ. ಒಂದು ಪಕ್ಷಕ್ಕೆ ಇಬ್ಬರು ಸದರ್ ಹೇಗೆಂದು ಅಮೀನರು ಅರ್ಜಿಯನ್ನು ಹಿಂದಿರುಗಿಸಿದರು. ವಿರುಪಣ್ಣನವರ ಹುದ್ದೆಯ ಮುಂದೆ ‘ಸಾಬಿಕ್’ ಎಂದು ಸೇರಿಸಿದೆ. ಉರ್ದುವಿನಲ್ಲಿ ಅದಕ್ಕೆ ಮಾಜಿ ಎಂದರ್ಥ. ಪರವಾನಗಿ ಬಂದ ದಿನ ಕಚೇರಿಯ ಜವಾನ ಮೆಟ್ಟಿಲ ಮೇಲೆ ನಿಂತು “ಸಾಬಿಕ್ ಸದರ್ ವಿರುಪಣ್ಣ” ಎಂದು ಕೂಗಿದ. ನೆರೆದಿದ್ದ ಮಂದಿ ಎದ್ದು ದಾರಿ ಬಿಟ್ಟರು. ತಪ್ಪು ಅವರದಲ್ಲ. ನಮ್ಮ ಸೀಮೆಯಲ್ಲಿ ತಾಲ್ಲೂಕದಾರರಿಗಿಂತ ಅವ್ವಲ್ ತಾಲ್ಲೂಕದಾರರು ದೊಡ್ಡವರು. ಹುದ್ದೆಯ ಮುಂದೆ ತಿಳಿಯದ ಮಾತೊಂದು ಕೂತಿತೆಂದರೆ ಬಡ್ತಿ ಆಯಿತೆಂದೇ ಲೆಕ್ಕ.

ಹಾಗಂದರೇನೆಂದು ವಿರುಪಣ್ಣನವರು ನನ್ನನ್ನೇ ಕೇಳಿದರು. ನಾನು ಸುಳ್ಳು ಹೇಳಲಿಲ್ಲ. “ಸದರ್ ಅವ್ರಕಿಂತ ಮೊದಲಿನವ್ರು ಅಂತ ಅರ್ಥ ಐತ್ರಿ, ಮಾವಾರ” ಎಂದೆ.

ಅವರು ರುಮಾಲು ಸರಿಮಾಡಿಕೊಂಡರು.

ಬೇವೂರಿನ ಸಭೆಯಲ್ಲಿ ಕೈಯಿರುವ ಕುರ್ಚಿ ಒಂದೇ ಇತ್ತು, ಇನ್ನೊಂದು ಸ್ಟೂಲು. ಹೊಸ ಸದರ್ ವಕೀಲರು ಕುರ್ಚಿಯ ಕಡೆ ಹೋದಾಗ ಊರಗೌಡರು ತಡೆದು, ಅದು ಸಾಬಿಕ್ ಸಾಹೇಬರದೆಂದು ಸ್ಟೂಲು ತೋರಿಸಿದರು. ವಕೀಲರಿಗೆ ಉರ್ದು ಬರುತ್ತಿತ್ತು. ಬೆವರು ಒರೆಸಿಕೊಳ್ಳುತ್ತ ಬಿಡಿಸಿ ಹೇಳಿದರು:

“ಗೌಡ್ರ, ಸಾಬಿಕ್ ಅಂದ್ರ ಹಿಂದಿನವ್ರು ಅಂತ್ರಿ.”

“ಅದನ್ನ ಏನ್ ಹೇಳ್ತೀರಿ? ಹಿಂದ ನಿಂತು ನಡಸಾವ್ರು ಅವ್ರ ಅನ್ನೂದು ನಮಗ ಗೊತ್ತಿಲ್ಲೇನ್ರಿ? ನೀವು ಕುಂದರ್ರಿ.”

ವಕೀಲರು ಸ್ಟೂಲಿನ ಮೇಲೆ ಕೂತರು. ಮರುವಾರ ಬೇವಿನ ಗಿಡದ ಕೆಳಗೆ ನನ್ನನ್ನು ಹುಡುಕಿಕೊಂಡು ಬಂದು, ಸಾಬಿಕ್ ಆಗಬೇಕಾದರೆ ಕಡಿಮೆಯೆಂದರೆ ಎಷ್ಟು ದಿನ ಸದರ್ ಇರಬೇಕೆಂದು ಮೆಲ್ಲಗೆ ವಿಚಾರಿಸಿದರು.

ಜಗಲಿ ಖಾಲಿಯಾಯಿತು. ವಿರುಪಣ್ಣನವರಿಗೆ ಊರೂರಿನಿಂದ ಕರೆ. ನನ್ನ ಪಾಡು ಮಾತ್ರ ಕೇಳಬೇಡಿ. ಈಗ ಸಭೆಗೆ ಎರಡು ಭಾಷಣ. ಸದರ್ ಅವರದು ಏಳು ಪುಟ, ಬಡ್ತಿ ಪಡೆದವರದು ಹದಿನಾಲ್ಕು.

ಒಂದು ದಿನ ವಿರುಪಣ್ಣನವರು ಹೊಸ ಶಾಲು ಹಿಡಿದುಕೊಂಡು ಬಂದರು. ಅಂದು ಆ ತೊಗರಿ ಬೀಳದಿದ್ದರೆ ತಾವು ಇನ್ನೂ ಬರಿಯ ಸದರ್ ಆಗಿಯೇ ಕೊಳೆಯುತ್ತಿದ್ದೆವು, ಹಾಕಿದ ಪುಣ್ಯಾತ್ಮನಿಗೆ ಸನ್ಮಾನ ಮಾಡಬೇಕು ಎಂದರು. ಸುದ್ದಿ ಊರಲ್ಲಿ ಹಬ್ಬಿ, ಜೋಳದ ಆಣೆಯಿಟ್ಟಿದ್ದ ಐವರು ಆಗಲೇ ಬಂದು ತೊಗರಿ ತಮ್ಮದೆಂದು ಒಪ್ಪಿಕೊಂಡಿದ್ದರಂತೆ. ಅವರಲ್ಲಿ ಗಾಣದ ಬಸಪ್ಪನ ಕಣ್ಣೀರು ಇವರ ಮನಸ್ಸಿಗೆ ಹಿಡಿಸಿತ್ತು. ಓಟಿನ ದಿನ ಬಸಪ್ಪ ಮಗಳ ನಿಶ್ಚಯಕ್ಕೆಂದು ಸಿದ್ದಾಪುರದಲ್ಲಿದ್ದುದು ನನಗೆ ಗೊತ್ತಿತ್ತು.

ನನಗೆ ತಡೆಯಲಾಗಲಿಲ್ಲ. “ಮಾವಾರ, ಆ ತೊಗರಿ ನಂದ್ರಿ” ಎಂದೆ.

ಅವರು ನನ್ನನ್ನು ಮರುಕದಿಂದ ನೋಡಿದರು. “ಶಾಲಿನ ಆಸೆಕ್ಕ ಸುಳ್ಳು ಹೇಳಬ್ಯಾಡ್ರಿ, ಅಳಿಯಂದ್ರ. ನೀವು ಜ್ವಾಳನ ಹಾಕೀರಿ. ಅಂಥಾ ಎದಿಗಾರಿಕಿ ನಿಮಗ ಎಲ್ಲಿಂದ ಬರಬೇಕು?”

ಬಾಗಿಲ ಮರೆಯಲ್ಲಿದ್ದ ನೀಲವ್ವ, “ಅವ್ರು ಸಂತ್ಯಾಗ ಬದನಿಕಾಯಿ ಆರಿಸೂ ಮುಂದ ಸೈತ ನನ್ನ ಮಾರಿ ನೋಡ್ತಾರ, ಮಾಮಾ” ಎಂದು ಸಾಕ್ಷಿ ನುಡಿದಳು.

ಶಾಲು ಬಸಪ್ಪನಿಗಾಯಿತು. ಜೊತೆಗೊಂದು ಮಾನಪತ್ರ ಬೇಕೆಂದರು. ಬರೆಯುವವನು ನಾನಲ್ಲದೆ ಇನ್ನಾರು? ಒಳ್ಳೆಯ ಕಾಗದ ತಂದು, ಲೇಖನಿಗೆ ಹೊಸ ಟಾಕು ಹಚ್ಚಿ, ಬಸಪ್ಪನ ಗುಣಗಳನ್ನು ಸಾಲಾಗಿ ಬರೆದೆ. ‘ಯಾರಿಗೂ ಅಂಜದ ನಿಮ್ಮ ಎದೆಗಾರಿಕೆ’ ಎಂಬಲ್ಲಿಗೆ ಬಂದಾಗ ಮಾತ್ರ ಕೈ ನಿಂತಿತು. ಜೀವಮಾನದಲ್ಲಿ ಒಂದೇ ಸಲ ಮಾಡಿದ ಧೈರ್ಯವನ್ನು ಬೇರೆಯವನ ಹೆಸರಿಗೆ ಬರೆದುಕೊಡುವುದು ಸುಲಭವಲ್ಲ. ಆದರೂ ಬರೆದೆ. ನೀಲವ್ವ ಎದುರಿಗೇ ಕೂತು ನೋಡುತ್ತಿದ್ದಳು.